ಹಲಗೆ ಮೇಲೆ ಜಾಗ ಇತ್ತಲ್ಲ, ಮತ್ತೆ ಜ್ಯಾಕ್ ಸತ್ತದ್ದೇಕೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಾಲೇಜಿನ ಚಿತ್ರ ಬಳಗವನ್ನೂ ನಾನೇ ನೋಡಿಕೊಳ್ಳುತ್ತೇನೆ. ಕಳೆದ ತಿಂಗಳು ಸೆಮಿನಾರ್ ಹಾಲ್‌ನಲ್ಲಿ, 1912ರಲ್ಲಿ ಮುಳುಗಿದ ಹಡಗಿನ ಮೇಲೆ ಕಟ್ಟಿದ ಪ್ರೇಮಕತೆ ‘ಟೈಟಾನಿಕ್’ ಚಿತ್ರ ತೋರಿಸಿ, ಮುಗಿದ ಮೇಲೆ ಅರ್ಧರ್ಧ ಹಾಳೆ ಕೊಟ್ಟು, ಅನಿಸಿದ್ದು ಬರೆಯಿರಿ ಎಂದೆ. ಆ ಹಾಳೆಗಳನ್ನು ಓದಿದಾಗಿನಿಂದ ತಲೆ ಕೆಟ್ಟಿದೆ. “ಹಲಗಿ ಮ್ಯಾಲ ಇಬ್ಬರೂ ಹಿಡೀತಿದ್ರು, ಡೈರೆಕ್ಟರ್ ಬೇಕಂತ ಸಾಯಿಸ್ಯಾನ” ಎಂದು ಬಹಳ ಮಂದಿ ಬರೆದಿದ್ದಾರೆ. “ಇದು ಖರೇನ ನಡದದ್ದು, ಜ್ಯಾಕ್‌ನ ಸಮಾಧಿ ಐತಿ” ಎಂದು ಒಬ್ಬ ಹುಡುಗ ಮೊಬೈಲಿನಲ್ಲಿ ಫೋಟೊ ತೋರಿಸಿದ. “ಬಡವರನ್ನ ಕೀಲಿ ಹಾಕಿ ಮುಳುಗಿಸಿದ್ರು” ಎಂದು ಸಿಟ್ಟಾದವರಿದ್ದಾರೆ. “ಮೊದಲನೇ ಅರ್ಧ ಬರೇ ಬೋರು.” “ಎರಡನೇ ಅರ್ಧ ಕತ್ತಲಾಗ ಏನೂ ಕಾಣಲಿಲ್ಲ.” “ಕತಿ ಹಳೇದು, ಆದ್ರ ಅಳು ಬಂತು.” “ಅಂಥಾ ಹಾರ ಸಮುದ್ರಕ್ಕ ಒಗದ್ಲಲ್ಲ, ಮುದುಕಿಗೆ ಹುಚ್ಚು.” ಮುಂದಿನ ತಿಂಗಳು ಪಾಲಕರನ್ನೂ ಕರೆದು ಮತ್ತೊಮ್ಮೆ ತೋರಿಸಿ ಸಂವಾದ ಇಡಿ ಎಂದು ಪ್ರಾಚಾರ್ಯರು ಹೇಳಿದ್ದಾರೆ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಹೇಗೆ ಹೇಳಲಿ? ಅವರವರ ಅಭಿಪ್ರಾಯ ಅವರವರಿಗೆ ಎಂದು ಬಿಟ್ಟುಬಿಡಲೇ?
— ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ಬಿಟ್ಟುಬಿಡಬೇಡಿ ಮೇಡಂ. ಆ ಹಾಳೆಗಳನ್ನು ರದ್ದಿಗೂ ಹಾಕಬೇಡಿ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಮೂರನ್ನೂ ಒಂದೇ ಚೀಲಕ್ಕೆ ತುಂಬಿ ತಂದರೆ ಯಾರೂ ದರ ಹಚ್ಚುವುದಿಲ್ಲ. ನಿಮ್ಮ ಹಾಳೆಗಳ ಕಟ್ಟೂ ಹಾಗೇ ಆಗಿದೆ. ಕೆಲವು ಇತಿಹಾಸದ ಮಾತು, ಕೆಲವು ಭೌತಶಾಸ್ತ್ರದ್ದು, ಕೆಲವು ಕತೆ ಕಟ್ಟಿದ ರೀತಿಯ ಬಗ್ಗೆ, ಇನ್ನು ಕೆಲವು ನಿಮ್ಮ ಸೆಮಿನಾರ್ ಹಾಲ್‌ನ ಬಗ್ಗೆ. ಇತಿಹಾಸದ ಮಾತಿಗೆ ಸರಿ-ತಪ್ಪು ಇದೆ, ದಾಖಲೆ ತೆಗೆದು ತೋರಿಸಬಹುದು. ಅಳು ಬಂದದ್ದಕ್ಕೆ ಸರಿ-ತಪ್ಪು ಇಲ್ಲ. ಮೊದಲು ಬೇರೆ ಬೇರೆ ಮಾಡಿ, ಆಮೇಲೆ ದರ ಹಚ್ಚೋಣ.

ಎಲ್ಲಕ್ಕಿಂತ ಸುಲಭದ್ದು ಹಾಲ್‌ನ ಹಾಳೆ. “ಕತ್ತಲಾಗ ಏನೂ ಕಾಣಲಿಲ್ಲ” ಎಂದು ಬರೆದವರು ಸಿನಿಮಾಕ್ಕಲ್ಲ, ನಿಮ್ಮ ಕಿಟಕಿಗಳಿಗೆ ಅಂಕ ಕೊಟ್ಟಿದ್ದಾರೆ. ಹಡಗು ಮುಳುಗುವುದು ಅಮಾವಾಸ್ಯೆಯ ಹತ್ತಿರದ ರಾತ್ರಿ. ಹಿಮಗಡ್ಡೆಗೆ ಡಿಕ್ಕಿಯಾದ ಮೇಲೆ ಹೊರಗಿನ ದೃಶ್ಯವೆಲ್ಲ ಕಪ್ಪು ನೀರು, ಕಪ್ಪು ಆಕಾಶ, ನಡುವೆ ಹಡಗಿನ ಹಳದಿ ದೀಪ. ದೀಪ ಆರಿದ ಮೇಲೆ ಅದೂ ಇಲ್ಲ. ಪರದೆ ಇಲ್ಲದ ಕಿಟಕಿಯಿಂದ ಮಧ್ಯಾಹ್ನದ ಬೆಳಕು ಬಿದ್ದರೆ ಪ್ರೊಜೆಕ್ಟರಿನ ಕಪ್ಪು ಬೂದಿಯಾಗುತ್ತದೆ, ಮುಖಗಳು ಅದರಲ್ಲಿ ಕರಗಿಹೋಗುತ್ತವೆ. ಕಿಟಕಿಗೆ ಎರಡು ಪದರು ಕಪ್ಪು ಬಟ್ಟೆ ಕಟ್ಟಿಸಿ. ಪ್ರೊಜೆಕ್ಟರ್ ಎಕೋ ಮೋಡ್‌ನಲ್ಲಿದ್ದರೆ ತೆಗೆಯಿರಿ, ‘ಸಿನಿಮಾ’ ಸೆಟ್ಟಿಂಗ್‌ಗೆ ಹಾಕಿ. ಸಂಭಾಷಣೆ ಇಂಗ್ಲಿಷಿನದು, ಅದೂ ಐರಿಷ್, ಬ್ರಿಟಿಷ್, ಅಮೆರಿಕನ್ ಉಚ್ಚಾರ ಕಲಸಿದ್ದು; ಆದ್ದರಿಂದ ಸಬ್‌ಟೈಟಲ್ ಬೇಕೇ ಬೇಕು. ಅಕ್ಷರ ಕೊನೇ ಸಾಲಿನಿಂದ ಓದಲು ಬರುತ್ತದೋ ಇಲ್ಲವೋ ಹಿಂದಿನ ದಿನವೇ ಅಲ್ಲಿ ಕುಳಿತು ನೋಡಿ. “ಬೋರು” ಎಂದವರಲ್ಲಿ ಅರ್ಧ ಮಂದಿಗೆ ಬೋರಾದದ್ದು ಮರದ ಬೆಂಚು ಇದ್ದರೂ ಇರಬಹುದು. ಮೂರು ತಾಸು ಹದಿನಾಲ್ಕು ನಿಮಿಷದ ಚಿತ್ರ ಅದು.

ಈಗ ಹಲಗೆಗೆ ಬರೋಣ. ಹಡಗು ಮುಳುಗಿದ ಮೇಲೆ ನಾಯಕಿ ರೋಸ್ ತೇಲುವ ಹಲಗೆಯ ಮೇಲೆ ಮಲಗಿ ಉಳಿಯುತ್ತಾಳೆ, ಪಕ್ಕದ ನೀರಿನಲ್ಲಿ ಅದನ್ನು ಹಿಡಿದುಕೊಂಡ ನಾಯಕ ಜ್ಯಾಕ್ ಥಂಡಿಗೆ ಸಾಯುತ್ತಾನೆ. ಈ ಚಿತ್ರದ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಮಾತು ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಎಲ್ಲರೂ ಬಾಗಿಲು ಎನ್ನುತ್ತಾರೆ. ಅದು ಪೂರ್ತಿ ಬಾಗಿಲಲ್ಲ, ಬಾಗಿಲ ಮೇಲ್ಕಟ್ಟಿನ ಕೆತ್ತನೆಯ ಹಲಗೆ. ದುರಂತದ ನಂತರ ಸಮುದ್ರದಲ್ಲಿ ಸಿಕ್ಕ ಅಂಥದ್ದೇ ಒಂದು ಓಕ್ ಮರದ ಕೆತ್ತನೆ ಕೆನಡಾದ ಹ್ಯಾಲಿಫ್ಯಾಕ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದ ಹಲಗೆಗೆ ಅದೇ ಮಾದರಿ. ನಿಮ್ಮ ಹುಡುಗರ ವಾದ ಜಾಗದ ಲೆಕ್ಕದ್ದು: ಇಬ್ಬರು ಮಲಗುವಷ್ಟು ಅಗಲ ಇತ್ತು. ಇತ್ತು, ಒಪ್ಪೋಣ. ಆದರೆ ನೀರಿನ ಮೇಲೆ ಜಾಗದ ಲೆಕ್ಕ ನಡೆಯುವುದಿಲ್ಲ, ತೂಕದ ಲೆಕ್ಕ ನಡೆಯುತ್ತದೆ.

ಇದನ್ನು ಬಾಯಿಂದ ಹೇಳಬೇಡಿ, ವೇದಿಕೆಯ ಮೇಲೆ ಮಾಡಿ ತೋರಿಸಿ. ಮನೆಯಿಂದ ಊಟಕ್ಕೆ ಕೂಡುವ ಮಣೆ ತನ್ನಿ. ಸಾಗವಾನಿಯದೋ ಮಾವಿನದೋ ಇರಲಿ, ಪ್ಲೈವುಡ್ ಬೇಡ. ಸುಮಾರು 45 ಸೆಂ.ಮೀ. ಉದ್ದ, 30 ಅಗಲ, ಎರಡೂವರೆ ದಪ್ಪ ಎಂದಿಟ್ಟುಕೊಳ್ಳಿ. ದೊಡ್ಡ ಟಬ್‌ನಲ್ಲಿ ನೀರು ತುಂಬಿ ತೇಲಿಬಿಡಿ. ಆ ಮಣೆ ಪೂರ್ತಿ ಮುಳುಗಿದರೆ ಸರಿಸುವ ನೀರು ಸುಮಾರು 3.4 ಲೀಟರ್, ಅಂದರೆ 3.4 ಕೆ.ಜಿ. ಮಣೆಯ ಸ್ವಂತ ತೂಕವೇ 2.2 ಕೆ.ಜಿ. ಆಸುಪಾಸು. ಉಳಿದದ್ದು 1.2 ಕೆ.ಜಿ. ಅದರ ಹೊರುವ ಶಕ್ತಿ ಅಷ್ಟೇ. ಈಗ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಸರಿಯಾಗಿ ನಡುವೆ ಇಡಿ. ಮಣೆಯ ಮೇಲ್ಮೈ ನೀರಿಗೆ ಸಮ ಬಂದು ನಿಲ್ಲುತ್ತದೆ, ಪ್ಯಾಕೆಟ್ ಒಣಗೇ ಉಳಿಯುತ್ತದೆ. ಪಕ್ಕದಲ್ಲಿ ಬೇಕಾದಷ್ಟು ಖಾಲಿ ಜಾಗ ಕಾಣುತ್ತದೆ; ನಿಮ್ಮ ಹುಡುಗರು ಬೆರಳು ಮಾಡುವುದು ಆ ಜಾಗಕ್ಕೇ. ಎರಡನೇ ಪ್ಯಾಕೆಟ್ ಅಲ್ಲಿಡಿ. ಮಣೆ ನೀರೊಳಗೆ ಇಳಿಯುತ್ತದೆ. ತಳಕ್ಕೆ ಹೋಗಿ ಕೂಡುವುದಿಲ್ಲ. ಎರಡೂ ಪ್ಯಾಕೆಟ್ ಅರ್ಧಕ್ಕೆ ತೊಯ್ಯುತ್ತವೆ, ಕೈ ತಗಲಿದರೆ ಒಂದು ಕಡೆ ವಾಲಿ ಜಾರುತ್ತವೆ. ಮೊದಲ ಪ್ಯಾಕೆಟ್ಟನ್ನೇ ನಡುವೆ ಇಡದೆ ಅಂಚಿಗೆ ಇಟ್ಟರೂ ವಾಲುತ್ತದೆ. ಚಿತ್ರದಲ್ಲಿ ಜ್ಯಾಕ್ ಒಮ್ಮೆ ಹತ್ತಲು ನೋಡುತ್ತಾನೆ, ಹಲಗೆ ವಾಲುತ್ತದೆ, ಅವನು ಬಿಡುತ್ತಾನೆ. ಎರಡು ಕ್ಷಣದ ದೃಶ್ಯ. ಬಹಳ ಮಂದಿಯ ಕಣ್ಣಿಗೆ ಅದು ಬಿದ್ದೇ ಇರುವುದಿಲ್ಲ. ಅದನ್ನು ಎರಡು ಸಲ ತೋರಿಸಿ.

ಅರ್ಧ ತೊಯ್ದರೇನಾಯಿತು, ಇಬ್ಬರೂ ಬದುಕುತ್ತಿದ್ದರಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ರಾತ್ರಿ ನೀರಿನ ಉಷ್ಣತೆ ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್. ಉಪ್ಪಿನಿಂದಾಗಿ ಹೆಪ್ಪುಗಟ್ಟಿರಲಿಲ್ಲ, ಅಷ್ಟೇ. ಇಷ್ಟು ತಣ್ಣನೆಯ ನೀರಿಗೆ ಬಿದ್ದವರ ಬಗ್ಗೆ ರಕ್ಷಣಾ ತರಬೇತಿಯಲ್ಲಿ ಒಂದು-ಹತ್ತು-ಒಂದು ಎಂಬ ಲೆಕ್ಕ ಕಲಿಸುತ್ತಾರೆ: ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳುವುದು ಬಿಡುತ್ತವೆ, ಒಂದು ತಾಸಿನ ಸುಮಾರಿಗೆ ಮೈ ತಣ್ಣಗಾಗಿ ಪ್ರಜ್ಞೆ ತಪ್ಪುತ್ತದೆ. ಅಲ್ಲಿ ಸತ್ತವರಲ್ಲಿ ಬಹುಪಾಲು ಮಂದಿ ಜೀವರಕ್ಷಕ ಜಾಕೆಟ್ ತೊಟ್ಟು ತೇಲುತ್ತಲೇ ಸತ್ತರು. ಅವರನ್ನು ಕೊಂದದ್ದು ಥಂಡಿ. ಹಾಗಾಗಿ ಹಲಗೆಯ ಪ್ರಶ್ನೆಯ ನಿಜರೂಪ ಇದು: ಎದೆಯ ಭಾಗ ನೀರಿನ ಮೇಲೆ ಯಾರದ್ದು, ಎಷ್ಟು ಹೊತ್ತು?

ಹುಡುಗರ ಕಡೆಗೂ ಸ್ವಲ್ಪ ನ್ಯಾಯ ಇದೆ, ಅದನ್ನು ಮುಚ್ಚಿಡಬೇಡಿ. 2012ರಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮದವರು ಜಾಕೆಟ್ಟನ್ನು ಹಲಗೆಯ ಕೆಳಗೆ ಕಟ್ಟಿ ಇಬ್ಬರನ್ನೂ ತೇಲಿಸಿದರು. 2023ರಲ್ಲಿ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ತಾವೇ ತಣ್ಣೀರಿನಲ್ಲಿ ಪ್ರಯೋಗ ಮಾಡಿಸಿ, ಸಂದರ್ಭ ಕೂಡಿ ಬಂದಿದ್ದರೆ ಜ್ಯಾಕ್ ಬದುಕಬಹುದಿತ್ತು ಎಂಬಲ್ಲಿಗೆ ಬಂದರು. ಆದರೆ ಅದಕ್ಕೆ ಬೇಕಾದದ್ದು ಆರಾಮಾಗಿ ಕುಳಿತು ಯೋಚಿಸುವ ತಲೆ, ಗಂಟು ಹಾಕುವ ಬೆರಳು. ಹತ್ತು ನಿಮಿಷದ ಲೆಕ್ಕ ನೆನಪಿರಲಿ. ಮಣೆಯ ಕೆಳಗೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿ ಎರಡು ಪ್ಯಾಕೆಟ್ ತೇಲಿಸಲು ಅವರಿಗೇ ಬಿಡಿ. ಒಂದು ಲೀಟರಿನ ಒಂದು ಬಾಟಲಿ ಲೆಕ್ಕಕ್ಕೆ ಸಾಕು, ಆದರೆ ಒಂದೇ ಕಟ್ಟಿದರೆ ವಾಲುತ್ತದೆ. ಎರಡೂ ತುದಿಗೆ ಒಂದೊಂದು ಬೇಕೆಂದು ಅವರೇ ಕಂಡುಕೊಳ್ಳುತ್ತಾರೆ, ಮೂರ್ನಾಲ್ಕು ಸಲ ಉಪ್ಪು ತೊಯ್ದ ಮೇಲೆ.

ಸಮಾಧಿಯ ಹುಡುಗನಿಗೆ ಹೇಳಿ: ಫೋಟೊ ಸುಳ್ಳಲ್ಲ. ಹ್ಯಾಲಿಫ್ಯಾಕ್ಸ್‌ನ ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ 227ನೇ ಸಂಖ್ಯೆಯ ಕಲ್ಲಿನ ಮೇಲೆ ಜೆ. ಡಾಸನ್ ಎಂದು ಕೆತ್ತಿದೆ, ಚಿತ್ರದ ಜ್ಯಾಕ್‌ನ ಅಡ್ಡಹೆಸರೂ ಡಾಸನ್ನೇ. ಆದರೆ ಅಲ್ಲಿ ಹೂತಿರುವಾತ ಜೋಸೆಫ್ ಡಾಸನ್, ಡಬ್ಲಿನ್‌ನವನು, ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಹೊರುತ್ತಿದ್ದ ಕೂಲಿ. ಚಿತ್ರ ಬಂದ ಮೇಲೆ ಜನ ಅಲ್ಲಿಗೆ ಹೂವು, ಸಿನಿಮಾ ಟಿಕೆಟ್ಟು ಇಟ್ಟು ಹೋಗತೊಡಗಿದರು. ಚಿತ್ರದ ಜ್ಯಾಕ್, ರೋಸ್, ಆ ನೀಲಿ ಹರಳಿನ ಹಾರ ಮೂರೂ ಕಟ್ಟುಕತೆ. ಹಡಗು ಕಟ್ಟುಕತೆಯಲ್ಲ. ಕ್ಯಾಪ್ಟನ್ ಸ್ಮಿತ್, ವಿನ್ಯಾಸಕಾರ ಥಾಮಸ್ ಆಂಡ್ರೂಸ್, ಹಡಗು ಕಂಪನಿಯ ಮುಖ್ಯಸ್ಥ ಇಸ್ಮೆ, ವಾದ್ಯದ ಎಂಟು ಮಂದಿ, ಇವರೆಲ್ಲ ಇದ್ದವರೇ.

“ಕೀಲಿ ಹಾಕಿ ಮುಳುಗಿಸಿದ್ರು” ಎಂಬ ಹಾಳೆಗೆ ಮಾತ್ರ ನಿಧಾನವಾಗಿ ಉತ್ತರ ಕೊಡಬೇಕು. ಇಲ್ಲಿ ಎರಡು ಕಡೆಯಿಂದಲೂ ಜಾರುವ ಅಪಾಯ ಇದೆ. ಮೂರನೇ ದರ್ಜೆಯವರನ್ನು ಬೇರೆ ಇಡಬೇಕೆಂಬುದು ಅಮೆರಿಕದ ವಲಸೆ ಕಾನೂನಿನ ಷರತ್ತಾಗಿತ್ತು. ರೋಗ ಹರಡೀತೆಂಬ ಭಯ. ಅದಕ್ಕಾಗಿ ಗೇಟುಗಳಿದ್ದವು. ಚಿತ್ರದಲ್ಲಿ ನೆಲದಿಂದ ಛಾವಣಿವರೆಗಿನ ಜಾಳಿಗೆ ಬಾಗಿಲ ಹಿಂದೆ ಜನ ಕೂಗುತ್ತಾರೆ. ನಿಜವಾದ ಹಡಗಿನಲ್ಲಿ ಪ್ರಯಾಣಿಕರ ದಾರಿಯಲ್ಲಿದ್ದವು ಹೆಚ್ಚಾಗಿ ಸೊಂಟದೆತ್ತರದವು. ಬೇಕೆಂದೇ ತಡೆದರೆಂಬುದಕ್ಕೆ ಆಧಾರವಿಲ್ಲ ಎಂದು ಬ್ರಿಟಿಷ್ ವಿಚಾರಣೆ ತೀರ್ಪು ಕೊಟ್ಟಿತು. ಸರಿ, ಹಾಗಾದರೆ ಸುಳ್ಳು ಎಂದು ಮುಗಿಸಿಬಿಡೋಣವೇ? ಆ ವಿಚಾರಣೆ ಮೂರನೇ ದರ್ಜೆಯ ಒಬ್ಬ ಪ್ರಯಾಣಿಕನನ್ನೂ ಕರೆದು ಕೇಳಲಿಲ್ಲ. ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಡೇನಿಯಲ್ ಬಕ್ಲಿ ಎಂಬ ಐರಿಷ್ ಯುವಕ, ಗೇಟಿಗೆ ಕೀಲಿ ಹಾಕಿದ್ದನ್ನೂ ಒಬ್ಬ ಅದನ್ನು ಒಡೆದದ್ದನ್ನೂ ಹೇಳಿದ್ದಾನೆ. ಇತ್ತ ಜಾನ್ ಹಾರ್ಟ್ ಎಂಬ ಸ್ಟುವರ್ಡ್ (ಹಡಗಿನ ಪರಿಚಾರಕ) ಮೂರನೇ ದರ್ಜೆಯ ಹೆಂಗಸರು-ಮಕ್ಕಳ ಎರಡು ತಂಡಗಳನ್ನು ಕೆಳಗಿನಿಂದ ದೋಣಿಗಳವರೆಗೆ ತಾನೇ ನಡೆಸಿಕೊಂಡು ಹೋದ.

ಗೇಟಿಗಿಂತ ಹೆಚ್ಚು ಕೊಂದದ್ದು ದಾರಿ. ಮೂರನೇ ದರ್ಜೆಯ ಕೋಣೆಗಳು ಹಡಗಿನ ಎರಡು ತುದಿಗೆ, ಕೆಳಗೆ. ದೋಣಿಗಳಿದ್ದದ್ದು ಎಲ್ಲಕ್ಕಿಂತ ಮೇಲೆ. ಅಲ್ಲಿಂದ ಇಲ್ಲಿಗೆ ನೇರ ಮೆಟ್ಟಿಲಿಲ್ಲ, ಬೋರ್ಡು ಇಂಗ್ಲಿಷಿನಲ್ಲಿ, ಎಷ್ಟೋ ಜನಕ್ಕೆ ಇಂಗ್ಲಿಷ್ ಬಾರದು, ಮುಂಚೆ ಒಂದು ಸಲವೂ ಅಭ್ಯಾಸ ಮಾಡಿಸಿರಲಿಲ್ಲ, ಹೋಗಿ ಎಂದು ಹೇಳುವವರೂ ತಡವಾಗಿ ಬಂದರು. ಕೊನೆಗೆ ಮೊದಲ ದರ್ಜೆಯಲ್ಲಿ ನೂರಕ್ಕೆ ಸುಮಾರು 62 ಮಂದಿ ಉಳಿದರೆ ಮೂರನೆಯದರಲ್ಲಿ 25. ನಿಮ್ಮ ಹುಡುಗರ ಸಿಟ್ಟಿಗೆ ಕಾರಣ ಇದೆ. ಅವರು ತೋರಿಸುವ ಕೀಲಿ ಮಾತ್ರ ಪೂರ್ತಿ ಕಾರಣವಲ್ಲ. ಚಿತ್ರಕ್ಕೆ ಮೂರು ನಿಮಿಷದಲ್ಲಿ ಅಷ್ಟೂ ಹೇಳಲಾಗುವುದಿಲ್ಲ, ಒಂದು ಬಾಗಿಲು ತೋರಿಸುತ್ತದೆ.

ದೋಣಿ ಯಾಕೆ ಕಡಿಮೆ ಎಂದೂ ಕೇಳುತ್ತಾರೆ. ಹಡಗಿನಲ್ಲಿದ್ದವರು ಸುಮಾರು 2,200. 20 ದೋಣಿಗಳಲ್ಲಿ ಹಿಡಿಯುವವರು 1,178. ಆಗಿನ ಬ್ರಿಟಿಷ್ ನಿಯಮ ಹತ್ತು ಸಾವಿರ ಟನ್ ದಾಟಿದ ಹಡಗಿಗೆಲ್ಲ 16 ದೋಣಿ ಸಾಕು ಎನ್ನುತ್ತಿತ್ತು. ಇದು 46 ಸಾವಿರ ಟನ್ನಿನ ಹಡಗು. ಕಂಪನಿ ನಿಯಮಕ್ಕಿಂತ ನಾಲ್ಕು ಹೆಚ್ಚೇ ಇಟ್ಟಿತ್ತು! ಅದರಲ್ಲೂ ಮೊದಲು ಇಳಿದ ದೋಣಿಯಲ್ಲಿ 65 ಜನರ ಜಾಗಕ್ಕೆ 28 ಮಂದಿ ಕೂತಿದ್ದರು, ಹಡಗು ಮುಳುಗುತ್ತದೆಂದು ಆ ಹೊತ್ತಿಗೆ ಯಾರೂ ನಂಬಿರಲಿಲ್ಲ.

ನಿಮ್ಮ ಹಾಳೆಗಳಲ್ಲಿ ಬಾರದ, ಆದರೆ ನೀವು ಎತ್ತಲೇಬೇಕಾದ ವಿಷಯ ಒಂದಿದೆ: ಹಡಗಿನ ಅಧಿಕಾರಿ ವಿಲಿಯಂ ಮರ್ಡಾಕ್. ಚಿತ್ರದಲ್ಲಿ ಆತ ಪ್ರಯಾಣಿಕರ ಮೇಲೆ ಗುಂಡು ಹಾರಿಸಿ ತಾನೂ ಗುಂಡು ಹಾಕಿಕೊಳ್ಳುತ್ತಾನೆ. ಒಬ್ಬ ಅಧಿಕಾರಿ ಹಾಗೆ ಮಾಡಿದನೆಂದು ಆಗ ಕೆಲವರು ಹೇಳಿದ್ದುಂಟು. ಅದು ಮರ್ಡಾಕ್ ಎಂಬುದು ಸಾಬೀತಾಗಿಲ್ಲ. ಸ್ಕಾಟ್ಲೆಂಡಿನ ಡಾಲ್‌ಬೀಟಿ ಅವನ ಊರು. ಊರವರು ಪ್ರತಿಭಟಿಸಿದ ಮೇಲೆ 1998ರಲ್ಲಿ ಚಿತ್ರಸಂಸ್ಥೆಯವರು ಅಲ್ಲಿಗೇ ಹೋಗಿ ಕ್ಷಮೆ ಕೇಳಿ ಶಾಲೆಗೆ 5,000 ಪೌಂಡ್ ಕೊಟ್ಟು ಬಂದರು. ಈ ಚಿತ್ರದ ದೊಡ್ಡ ತಪ್ಪು ಯಾವುದೆಂದು ನನ್ನನ್ನು ಕೇಳಿದರೆ ನಾನು ಹಲಗೆಯ ಕಡೆ ನೋಡುವುದೂ ಇಲ್ಲ, ಇದನ್ನು ತೋರಿಸುತ್ತೇನೆ. ಇಲ್ಲದ ಜ್ಯಾಕ್‌ನನ್ನು ಹೇಗೆ ಬೇಕಾದರೂ ಸಾಯಿಸಲಿ. ಇದ್ದ ಮನುಷ್ಯನ ಹೆಸರಿಟ್ಟುಕೊಂಡು ಹಾಗೆ ಮಾಡಲು ಬರುವುದಿಲ್ಲ.

ಇಷ್ಟೊಂದು ತಪ್ಪು ಹುಡುಕುವ ಚಟ ಈ ಚಿತ್ರಕ್ಕೇ ಯಾಕೆ ಅಂಟಿತು? ಚಿತ್ರವೇ ಕಲಿಸಿದ ಚಟ ಅದು. ಕ್ಯಾಮರೂನ್ 1995ರಲ್ಲಿ ಹನ್ನೆರಡು ಸಲ ಸಮುದ್ರದ ತಳಕ್ಕಿಳಿದು ನಿಜವಾದ ಅವಶೇಷ ಚಿತ್ರೀಕರಿಸಿದರು. ಮೆಕ್ಸಿಕೊದ ತೀರದಲ್ಲಿ ಹೆಚ್ಚುಕಡಿಮೆ ಪೂರ್ಣ ಗಾತ್ರದ ಹಡಗೇ ಎದ್ದು ನಿಂತಿತು, ಒಂದೇ ಮಗ್ಗುಲಿನದು. ಇನ್ನೊಂದು ಮಗ್ಗುಲು ಬೇಕಾದ ಬಂದರಿನ ದೃಶ್ಯಕ್ಕೆ ಬೋರ್ಡಿನ ಅಕ್ಷರ, ಬಟ್ಟೆಯ ಗುಂಡಿ ಎಲ್ಲ ಉಲ್ಟಾ ಮಾಡಿ ತೆಗೆದು, ಆಮೇಲೆ ಕನ್ನಡಿಯಂತೆ ತಿರುಗಿಸಿದರು. ಆ ರಾತ್ರಿಯ ನಕ್ಷತ್ರಗಳು ತಪ್ಪಿವೆ ಎಂದು ಖಗೋಳಶಾಸ್ತ್ರಜ್ಞ ನೀಲ್ ಡಿಗ್ರಾಸ್ ಟೈಸನ್ ಹೇಳಿದ್ದಕ್ಕೆ 2012ರ ಮರುಬಿಡುಗಡೆಯಲ್ಲಿ ಆಕಾಶವನ್ನೇ ಬದಲಿಸಿದರು. ನಕ್ಷತ್ರದವರೆಗೆ ಲೆಕ್ಕ ಇಟ್ಟವನ ಹತ್ತಿರ ಜನ ಹಲಗೆಯ ಲೆಕ್ಕವನ್ನೂ ಕೇಳುತ್ತಾರೆ. ಕಂಪನಿ ನಾಟಕದ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಅರಮನೆಗೆ ಬಾಗಿಲು ಚಿಕ್ಕದಾಯಿತೆಂದು ಯಾರಾದರೂ ತಕರಾರು ಮಾಡಿದ್ದುಂಟೇ?

“ಕತಿ ಹಳೇದು, ಆದ್ರ ಅಳು ಬಂತು” ಎಂದು ಬರೆದವರು ನಿಮ್ಮ ತರಗತಿಯ ಒಳ್ಳೆಯ ವಿಮರ್ಶಕರು. ಅವರನ್ನು ವೇದಿಕೆಗೆ ಕರೆಯಿರಿ. ಸಾಲಕ್ಕೆ ಸಿಕ್ಕ ತಾಯಿ, ಹಣವಂತ ವರ, ಬಡ ಕಲಾವಿದ: ನಮ್ಮ ಕಂಪನಿ ನಾಟಕ ನೋಡಿದವರಿಗೆ ಮೂರನೇ ದೃಶ್ಯಕ್ಕೇ ಗುರುತು ಸಿಗುವ ಕತೆ. 14 ಆಸ್ಕರ್ ನಾಮನಿರ್ದೇಶನ ಪಡೆದು 11 ಗೆದ್ದ ಚಿತ್ರವಿದು. ಆ ಹದಿನಾಲ್ಕರಲ್ಲಿ ಚಿತ್ರಕಥೆ ಇರಲಿಲ್ಲ. ಅಳು ಬಂದದ್ದು ಜೋಡಣೆಯಿಂದ. ಶುರುವಿನಲ್ಲೇ ಒಬ್ಬ ಕಂಪ್ಯೂಟರಿನಲ್ಲಿ ಹಡಗು ಹೇಗೆ ತುಂಬಿತು, ಹೇಗೆ ಮುರಿಯಿತು, ಹೇಗೆ ಮುಳುಗಿತು ಎಂದು ತೋರಿಸಿಬಿಡುತ್ತಾನೆ. ಮುಂದಿನದು ಗೊತ್ತಿದ್ದೂ ದೊಡ್ಡಾಟಕ್ಕೆ ಬೆಳಗಿನ ತನಕ ಕೂಡುವ ನಮ್ಮವರಿಗೆ ಇದು ಹೊಸ ಉಪಾಯವೇನಲ್ಲ. ಆಮೇಲೆ ಬರುವ, ನಿಮ್ಮ ಹುಡುಗರು ಬೋರು ಎಂದ ಭಾಗದಲ್ಲಿ ಚಿತ್ರ ನಿಮ್ಮನ್ನು ಮನೆ ತೋರಿಸಿದ ಹಾಗೆ ಹಡಗೆಲ್ಲ ಸುತ್ತಾಡಿಸುತ್ತದೆ: ದೊಡ್ಡ ಮೆಟ್ಟಿಲು, ಊಟದ ಕೋಣೆ, ಕೆಳಗಿನ ಓಣಿಗಳು, ಬಾಯ್ಲರ್, ಮುಂದಿನ ತುದಿ. ನೂರನೇ ನಿಮಿಷದ ಆಸುಪಾಸಿಗೆ ಡಿಕ್ಕಿ. ಅಲ್ಲಿಂದ ನೀರು ಒಂದೊಂದಾಗಿ ಬರುವುದು ಇದೇ ಕೋಣೆಗಳಿಗೆ. ಕಂಡಿರದ ಓಣಿಗೆ ನೀರು ಬಂದರೆ ಅದು ಸುದ್ದಿ ಅಷ್ಟೇ.

ಮುದುಕಿಯಾದ ರೋಸ್ ಕೊನೆಗೆ ಸಮುದ್ರಕ್ಕೆ ಒಗೆಯುವ ಹಾರದ ಬಗ್ಗೆ ಹೆಚ್ಚು ಹೊತ್ತು ಕಳೆಯಬೇಡಿ. ಚಿತ್ರ ಕಾರಣ ಹೇಳುವುದಿಲ್ಲ, ವಾದ ಮಾಡುವವರು ಮಾಡಲಿ. ಅಷ್ಟು ಬೆಲೆಯ ವಸ್ತು ಒಗೆದರೆ ಹೊಟ್ಟೆ ಉರಿಯುವುದೂ ಒಂದು ಪ್ರಾಮಾಣಿಕ ಅಭಿಪ್ರಾಯವೇ.

ಈಗ ಮುಂದಿನ ಪ್ರದರ್ಶನ. ಪೂರ್ತಿ ಒಂದೇ ದಿನ ತೋರಿಸುವುದು ನನ್ನ ಆಯ್ಕೆ. ಹತ್ತಕ್ಕೆ ಶುರು ಮಾಡಿ, ಡಿಕ್ಕಿಯಾಗಿ ಆಂಡ್ರೂಸ್ ನಕ್ಷೆ ಹರಡಿ ಹಡಗು ಉಳಿಯುವುದಿಲ್ಲ ಎಂದು ಹೇಳಿದ ಮೇಲೆ ಹದಿನೈದು ನಿಮಿಷ ಚಹಾಕ್ಕೆ ಬಿಡಿ, ಊಟದ ನಂತರ ಸಂವಾದ. ಪಾಲಕರಲ್ಲಿ ಕೆಲವರು ಚಹಾಕ್ಕೆ ಎದ್ದವರು ಮರಳಿ ಬರಲಿಕ್ಕಿಲ್ಲ, ಅದನ್ನು ಒಪ್ಪಿಕೊಂಡೇ ಮಾಡಬೇಕು. ಎರಡು ದಿನಕ್ಕೆ ಒಡೆದರೆ ಬೆಂಚಿನ ಕಷ್ಟ ತಪ್ಪುತ್ತದೆ, ಆದರೆ ಮೊದಲ ದಿನ ನೋಡಿದ ಓಣಿ, ಮೆಟ್ಟಿಲು ಎರಡನೇ ದಿನಕ್ಕೆ ಮರೆತಿರುತ್ತವೆ. ಎರಡನೇ ದಿನ ಮಾತ್ರ ಬಂದವರಿಗಂತೂ ಬರೇ ನೀರಿನ ತಮಾಷೆ. ಆಯ್ದ ದೃಶ್ಯಗಳನ್ನು ಒಂದು ತಾಸಿಗೆ ಜೋಡಿಸುವ ದಾರಿಯೂ ಇದೆ. ಸಂವಾದಕ್ಕೆ ಅನುಕೂಲ, ಆದರೆ ಅಳು ಬರುವುದಿಲ್ಲ, ಆಗ ಆ ಹಾಳೆಗಳಿಗೆ ಉತ್ತರ ಕೊಟ್ಟಂತೆ ಆಗುವುದಿಲ್ಲ.

ಪಾಲಕರಿದ್ದಾರೆಂದರೆ ಜ್ಯಾಕ್ ರೋಸಳ ನಗ್ನ ಚಿತ್ರ ಬಿಡಿಸುವ ದೃಶ್ಯ, ಕಾರಿನೊಳಗಿನ ಪ್ರಣಯದ ದೃಶ್ಯ ಎರಡನ್ನೂ ಪ್ರಾಚಾರ್ಯರಿಗೆ ಮುಂಚೆಯೇ ತೋರಿಸಿ ತೀರ್ಮಾನ ಮಾಡಿ. ತೋರಿಸುವ ಹೊತ್ತಿನಲ್ಲಿ ಯಾರೋ ಗಾಬರಿಯಾಗಿ ರಿಮೋಟ್ ಒತ್ತುವುದಿದೆಯಲ್ಲ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಇನ್ನೊಂದು ಎಚ್ಚರ: 2019ರ ಆಗಸ್ಟ್‌ನಲ್ಲಿ ವರದಾ, ತುಂಗಭದ್ರಾ ನೀರು ಊರೊಳಗೆ ಬಂದದ್ದನ್ನು ಕಂಡ ಮನೆಯವರು ನಿಮ್ಮ ಸಭೆಯಲ್ಲಿರಬಹುದು. ಓಣಿಯಲ್ಲಿ ನೀರು ನುಗ್ಗುವ ದೃಶ್ಯ ಮುಂದಿದೆ ಎಂದು ಮೊದಲೇ ಹೇಳಿ, ಬಾಗಿಲ ಹತ್ತಿರದ ಕುರ್ಚಿಗಳನ್ನು ಅವರಿಗೆ ಬಿಡಿ, ಸ್ಪೀಕರ್ ಸ್ವಲ್ಪ ತಗ್ಗಿಸಿ. ಕಾನೂನಿನ ಮಾತು ಚಿಕ್ಕದು: ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು, ಸಂಸ್ಥೆಗೆ ಸಂಬಂಧಪಟ್ಟವರಿಗಷ್ಟೇ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಊರಿಗೆಲ್ಲ ಡಂಗುರ ಹೊಡೆಸಿದರೆ, ಟಿಕೆಟ್ ಇಟ್ಟರೆ ಹಕ್ಕುದಾರರ ಅನುಮತಿ ಬೇಕು.

ಈ ಸಲ ಹಾಳೆ ಕೊಡುವಾಗ “ಅನಿಸಿದ್ದು ಬರೆಯಿರಿ” ಎನ್ನಬೇಡಿ. ಎಲ್ಲಿ ಅಳು ಬಂತು, ಎಲ್ಲಿ ಗಡಿಯಾರ ನೋಡಿಕೊಂಡಿರಿ, ಯಾವುದನ್ನು ನಂಬಲಿಲ್ಲ ಎಂದು ಕೇಳಿ. ದೃಶ್ಯದ ಹೆಸರು ಬರೆಯಲೇಬೇಕು ಎನ್ನಿ.

ಮತ್ತೆ ಕೊನೆಯ ದೃಶ್ಯಕ್ಕೆ ಯಾರೂ ಲೈಟ್ ಹಾಕದಂತೆ ಸ್ವಿಚ್ ಬೋರ್ಡಿನ ಹತ್ತಿರ ಒಬ್ಬರನ್ನು ನಿಲ್ಲಿಸಿ. ಮುದುಕಿ ಹಾಸಿಗೆಯಲ್ಲಿದ್ದಾಳೆ, ಕ್ಯಾಮರಾ ಹಳೆಯ ಹಡಗಿನೊಳಗೆ ಹೋಗುತ್ತದೆ, ದೊಡ್ಡ ಮೆಟ್ಟಿಲ ಬಳಿ ಅಂದು ಸತ್ತವರೆಲ್ಲ ನಿಂತಿದ್ದಾರೆ, ಮೇಲೆ ಗಡಿಯಾರ. ಅದರಲ್ಲಿ ಎರಡು ಇಪ್ಪತ್ತಾಗಿದೆ, 1912ರ ಏಪ್ರಿಲ್ 15ರ ಬೆಳಗಿನ ಜಾವ ಹಡಗು ಪೂರ್ತಿ ಮುಳುಗಿದ ಹೊತ್ತು. ಮುಂದಿನ ಸಾಲಿನವರು ಬೆಂಚಿನ ಕೆಳಗೆ ಚಪ್ಪಲಿ ಹುಡುಕುವುದು ಸರಿಯಾಗಿ ಆಗಲೇ.